ನಾಲ್ಕು ನೂರು ರೊಟ್ಟಿಯ ಆರ್ಡರ್ ಮತ್ತು ಎರಡು ರೂಪಾಯಿ: ಒಂದು ಯುಪಿಐ ಮೋಸದ ಪ್ರಕರಣ ಅಧ್ಯಯನ

ಬೆಳಗಾವಿಯಲ್ಲಿ ಮನೆಯಿಂದಲೇ ರೊಟ್ಟಿ ವ್ಯಾಪಾರ ಮಾಡುವ ಮಹಿಳೆಯೊಬ್ಬರಿಗೆ 2025ರ ಜನವರಿಯಲ್ಲಿ ಆದ ಮೋಸದ ವಿವರ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಹೆಸರು, ಓಣಿ, ಬ್ಯಾಂಕು, ಆಪ್ ಯಾವುದನ್ನೂ ಹೇಳಿಲ್ಲ. ಮನೆಯ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಅವರ ಸ್ವಸಹಾಯ ಸಂಘದಲ್ಲಿ ಎಲ್ಲರೂ ಅವರನ್ನು ಅಕ್ಕಾವ್ರು ಅಂತ ಕರೆಯುತ್ತಾರೆ. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಸ್ವಸಹಾಯ ಸಂಘಗಳ ಮಹಿಳೆಯರಿಗೆ ಬ್ಯಾಂಕ್ ವ್ಯವಹಾರ, ಮೊಬೈಲ್ ಪಾವತಿ ಹೇಳಿಕೊಡುವುದು ನನ್ನ ಕೆಲಸ. ಮೋಸ ಹೋದವರ ಕಥೆ ತುಂಬಾ ಕೇಳಿದ್ದೇನೆ. ಇದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಅಕ್ಕಾವ್ರಿಗೆ ನಿಯಮ ಗೊತ್ತಿತ್ತು. ಪಿನ್ ಹಾಕಿದರೆ ಹಣ ಹೋಗುತ್ತದೆ ಅನ್ನುವುದನ್ನು ಅವರು ಮೋಸಗಾರನಿಗೇ ಬಾಯಿಬಿಟ್ಟು ಹೇಳಿದ್ದರು. ಆದರೂ ಹಣ ಹೋಯಿತು. ಗೊತ್ತಿದ್ದವರ ಕೈಯಿಂದ ಹಣ ಹೇಗೆ ಹೋಗುತ್ತದೆ ಅನ್ನುವುದು ನನಗೆ ಮುಖ್ಯ ಅನ್ನಿಸಿತು.

ಹಿನ್ನೆಲೆ

ಅಕ್ಕಾವ್ರದು ನಲವತ್ತೈದರ ಆಸುಪಾಸಿನ ವಯಸ್ಸು. ಜೋಳದ ಕಟಕ್ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾಡಿ ಮಾರುತ್ತಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೆಲಸಕ್ಕೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಹಬ್ಬದ ಸಮಯದಲ್ಲಿ ಇನ್ನಿಬ್ಬರು ಬರುತ್ತಾರೆ. ಮಗಳು ಬಿ.ಕಾಂ. ಓದುತ್ತಾಳೆ. ಗಂಡನಿಗೆ ಗೂಡ್ಸ್ ಗಾಡಿ ಓಡಿಸುವ ಕೆಲಸ, ಹೆಚ್ಚಾಗಿ ಊರ ಹೊರಗೇ ಇರುತ್ತಾರೆ.

ಯುಪಿಐ ಶುರುವಾಗಿದ್ದು 2016ರಲ್ಲಿ. ಅಕ್ಕಾವ್ರ ಬಾಗಿಲಿಗೆ ಅದು ಬಂದಿದ್ದು ಕೊರೋನಾ ನಂತರ. ಮೊದಲು ಕ್ಯೂಆರ್ ಕೋಡ್ ಅಂಟಿಸಿದರು, ಆಮೇಲೆ ಸೌಂಡ್‌ಬಾಕ್ಸ್ ಬಂತು. ಹಿಟ್ಟಿನ ಕೈಯಲ್ಲಿ ಫೋನ್ ಮುಟ್ಟೋದು ಕಷ್ಟ ಅಲ್ವಾ? ಬಾಕ್ಸ್ ಕನ್ನಡದಲ್ಲಿ ಮೊತ್ತ ಹೇಳಿತು ಅಂದರೆ ಹಣ ಬಂತು ಅಂತ ಲೆಕ್ಕ. ಆ ಧ್ವನಿಯ ಮೇಲೆ ಅವರಿಗೆ ಪೂರ್ತಿ ನಂಬಿಕೆ ಇತ್ತು. ಈ ನಂಬಿಕೆ ಮುಂದೆ ಕಥೆಯೊಳಗೆ ಬರುತ್ತದೆ.

ಇನ್ನೆರಡು ವಿಷಯ ಹೇಳಿಬಿಡಬೇಕು. ಒಂದು, ವ್ಯಾಪಾರಕ್ಕೂ ಉಳಿತಾಯಕ್ಕೂ ಒಂದೇ ಖಾತೆ. ಆ ದಿನ ಅದರಲ್ಲಿ ₹61,000 ಇತ್ತು. ಅದರಲ್ಲಿ ಸಂಘದ ಸಾಲದ ಕಂತು ಇತ್ತು, ಜೋಳದ ಅಂಗಡಿಗೆ ಕೊಡಬೇಕಾದ ಬಾಕಿಯೂ ಇತ್ತು. ಎರಡನೆಯದು, ಬೆಳಗಾವಿ ದಂಡಿನ ಊರು. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇಲ್ಲಿದೆ. ಕ್ಯಾಂಪ್ ಕಡೆಯಿಂದ ಬಂದು ರೊಟ್ಟಿ ಒಯ್ಯುವ ಗಿರಾಕಿಗಳು ಅಕ್ಕಾವ್ರಿಗೆ ಮೊದಲಿಂದಲೂ ಇದ್ದರು. ಹಾಗಾಗಿ ಮಿಲಿಟರಿಯವರ ಫೋನ್ ಅಂದರೆ ಅವರಿಗೆ ವಿಚಿತ್ರ ಅನ್ನಿಸಲಿಲ್ಲ. ಅನ್ನಿಸುವ ಕಾರಣವೂ ಇರಲಿಲ್ಲ.

ಫೋನ್ ಬಂದದ್ದು

ಜನವರಿ 10, ಶುಕ್ರವಾರ. ಸಂಕ್ರಾಂತಿಯ ಹಿಂದಿನ ದಿನದ ಭೋಗಿಗೆ ಮೂರೇ ದಿನ. ಉತ್ತರ ಕರ್ನಾಟಕದಲ್ಲಿ ಭೋಗಿ ಅಂದರೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ. ವರ್ಷದಲ್ಲಿ ರೊಟ್ಟಿಗೆ ಅತಿ ಜಾಸ್ತಿ ಬೇಡಿಕೆ ಇರುವ ವಾರ ಅದು. ನಾಲ್ಕು ಒಲೆ ಉರಿಯುತ್ತಿದ್ದವು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಫೋನ್ ಬಂತು. ನಂಬರು ಗೊತ್ತಿಲ್ಲದ್ದು. ಆ ಕಡೆಯವನು ಹಿಂದಿಯಲ್ಲಿ ಮಾತಾಡಿದ, ನಡುನಡುವೆ ಎರಡು ಕನ್ನಡ ಮಾತು.

ತಾನು ಕ್ಯಾಂಪಿನಲ್ಲಿ ಸುಬೇದಾರ್, ಯೂನಿಟ್‌ನಲ್ಲಿ ಸಂಕ್ರಾಂತಿ ಊಟ ಇದೆ ಅಂದ. 400 ರೊಟ್ಟಿ, 200 ಶೇಂಗಾ ಹೋಳಿಗೆ, ಒಂದು ಕಿಲೋ ಶೇಂಗಾ ಚಟ್ನಿ ಬೇಕು, ಭೋಗಿ ದಿನ ಗಾಡಿ ಕಳಿಸ್ತೀನಿ ಅಂದ. ರೊಟ್ಟಿಗೆ ₹10, ಹೋಳಿಗೆಗೆ ₹25, ಚಟ್ನಿಗೆ ₹400 ಅಂತ ಅಕ್ಕಾವ್ರು ರೇಟು ಹೇಳಿದರು. ಒಟ್ಟು ₹9,400. ಅವನು ಒಂದು ರೂಪಾಯಿಯನ್ನೂ ಚೌಕಾಶಿ ಮಾಡಲಿಲ್ಲ. ರೊಟ್ಟಿ ಮೆತ್ತಗಾಗದ ಹಾಗೆ ಕಟ್ಟಿಕೊಡಿ ಅಂದ. ಅಷ್ಟು ಸಣ್ಣ ಮಾತನ್ನೂ ನೆನಪಿಟ್ಟು ಹೇಳಿದ್ದರಿಂದ ಅವನು ನಿಜವಾದ ಗಿರಾಕಿ ಅಂತಲೇ ಅನ್ನಿಸಿತು ಅಂತ ಅಕ್ಕಾವ್ರು ಆಮೇಲೆ ಹೇಳಿದರು.

ವಾಟ್ಸಾಪ್‌ಗೆ ಗುರುತಿನ ಚೀಟಿಯ ಫೋಟೋ ಬಂತು. ಸಮವಸ್ತ್ರದಲ್ಲಿ ಒಬ್ಬರು ನಿಂತ ಫೋಟೋ ಬಂತು. ಅಕ್ಕಾವ್ರು ಕೇಳಿರಲೇ ಇಲ್ಲ. ಇಲ್ಲಿ ಸ್ವಲ್ಪ ನಿಲ್ಲಬೇಕು. ಹಪ್ಪಳ ಕೊಳ್ಳಲು ಬಂದ ಗಿರಾಕಿ ಎಂದಾದರೂ ತಾನಾಗಿ ಗುರುತಿನ ಚೀಟಿ ತೋರಿಸಿದ್ದುಂಟಾ? ಕೇಳದೇ ಪುರಾವೆ ಕೊಡುವುದು ಈ ಮೋಸದ ಮೊದಲ ಗುರುತು. ಫೋಟೋ ಬೇರೆ ಯಾರದೋ ಇರುತ್ತದೆ. ಎಷ್ಟೋ ಸಲ ಹಿಂದೆ ಇದೇ ರೀತಿ ಮೋಸ ಹೋದವರ ಹತ್ತಿರ ಇಸಿದುಕೊಂಡ ನಿಜವಾದ ಚೀಟಿಯೇ ಇರುತ್ತದೆ. ಸೈನಿಕನ ವೇಷ ಹೊಸದೇನೂ ಅಲ್ಲ. ಹಳೆ ಸೋಫಾ ಮಾರುವವರಿಗೆ, ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೊಡುವವರಿಗೆ ಇದೇ ಕಥೆಯ ಫೋನ್ ಎಷ್ಟೋ ವರ್ಷದಿಂದ ಬರುತ್ತಿದೆ. ನನಗೆ ಟ್ರಾನ್ಸ್‌ಫರ್ ಆಗಿದೆ, ನೋಡೋಕೆ ಬರೋಕಾಗಲ್ಲ, ಅಡ್ವಾನ್ಸ್ ಈಗಲೇ ಹಾಕ್ತೀನಿ ಅನ್ನುತ್ತಾರೆ. ಸೈನಿಕ ಅಂದರೆ ನಮಗೆ ಗೌರವ. ಅನುಮಾನ ಪಟ್ಟರೆ ನಮಗೇ ನಾಚಿಕೆ ಆಗುತ್ತದೆ. ಅವರು ಬಳಸಿಕೊಳ್ಳುವುದು ಅದನ್ನೇ.

ಒಂದು ರೂಪಾಯಿ ಹೋಗಿ ಎರಡು ರೂಪಾಯಿ ಬಂದದ್ದು

ಪೂರ್ತಿ ಹಣ ಮುಂಗಡ ಹಾಕ್ತೀನಿ ಅಂದ. ಅಕ್ಕಾವ್ರು ತಮ್ಮ ಕ್ಯೂಆರ್ ಕೋಡಿನ ಫೋಟೋ ಕಳಿಸಿದರು. ಐದು ನಿಮಿಷ ಬಿಟ್ಟು ಮತ್ತೆ ಫೋನ್. ನಮ್ಮದು ಮಿಲಿಟರಿ ಖಾತೆ, ಹೊರಗಿನ ಕೋಡಿಗೆ ನೇರವಾಗಿ ಹೋಗಲ್ಲ, ಮೊದಲು ನಿಮ್ಮ ಖಾತೆ ನಮ್ಮಲ್ಲಿ ಸೇರಿಸಬೇಕು ಅಂದ. ಅವನೇ ಒಂದು ಕ್ಯೂಆರ್ ಕೋಡ್ ಕಳಿಸಿದ. ಇದನ್ನು ಮಗಳ ಫೋನಿಗೆ ಹಾಕಿಕೊಂಡು ನಿಮ್ಮ ಫೋನಿಂದ ಸ್ಕ್ಯಾನ್ ಮಾಡಿ, ಒಂದು ರೂಪಾಯಿ ಹಾಕಿ, ನಾನು ಎರಡು ವಾಪಸ್ ಹಾಕ್ತೀನಿ ಅಂದ.

ಅಕ್ಕಾವ್ರು ಮನೆಯಲ್ಲೇ ಇದ್ದ ಮಗಳ ಫೋನ್ ತೆಗೆದುಕೊಂಡರು. ಮಗಳು ಹಿತ್ತಲಲ್ಲಿದ್ದಳು. ಸ್ಕ್ಯಾನ್ ಮಾಡಿ ಒಂದು ರೂಪಾಯಿ ಹಾಕಿದರು, ಪಿನ್ ಒತ್ತಿದರು. ಅರ್ಧ ನಿಮಿಷದಲ್ಲಿ ಬಾಕ್ಸ್ ಮಾತಾಡಿತು. ಎರಡು ರೂಪಾಯಿ ಬಂದಿತ್ತು.

ಇಡೀ ಪ್ರಕರಣದ ಜೀವ ಇರುವುದು ಇಲ್ಲೇ. ಮೋಸಗಾರ ಎರಡು ರೂಪಾಯಿ ಖರ್ಚು ಮಾಡಿ ಒಂದು ಪಾಠ ಕಲಿಸಿದ. ಪಿನ್ ಒತ್ತಿದೆ, ಹಣ ಬಂತು. ಎರಡೂ ಒಂದರ ಹಿಂದೆ ಒಂದು ನಡೆದವು. ಹಾಗಾಗಿ ಒಂದರಿಂದಲೇ ಇನ್ನೊಂದು ಆಯಿತು ಅಂತ ಮನಸ್ಸು ಜೋಡಿಸಿಕೊಂಡಿತು. ನಿಜದಲ್ಲಿ ಎರಡಕ್ಕೂ ಸಂಬಂಧವೇ ಇರಲಿಲ್ಲ. ಪಿನ್ ಒತ್ತಿದ್ದಕ್ಕೆ ಒಂದು ರೂಪಾಯಿ ಹೋಯಿತು, ಅಷ್ಟೇ. ಎರಡು ರೂಪಾಯಿ ಬಂದಿದ್ದು ಅಕ್ಕಾವ್ರ ಸ್ವಂತ ಕೋಡಿಗೆ, ಅವರು ಏನೂ ಮಾಡದೇ ಇದ್ದಾಗ.

ಇನ್ನೂ ಒಂದು ವಿಷಯ ಇದೆ. ಹೊರಗಿನ ಕೋಡಿಗೆ ಹಣ ಹೋಗಲ್ಲ ಅಂದವನೇ ಅದೇ ಕೋಡಿಗೆ ಎರಡು ರೂಪಾಯಿ ಹಾಕಿದ್ದ. ಎರಡು ರೂಪಾಯಿ ಬಂದ ದಾರಿಯಲ್ಲೇ ಒಂಬತ್ತು ಸಾವಿರದ ನಾಲ್ಕು ನೂರು ಯಾಕೆ ಬರಬಾರದು? ಈ ಪ್ರಶ್ನೆ ಕೇಳಿದ್ದರೆ ಅವನ ಹತ್ತಿರ ಉತ್ತರ ಇರಲಿಲ್ಲ. ಆದರೆ ಒಲೆಯ ಮೇಲೆ ರೊಟ್ಟಿ, ಬಾಗಿಲಲ್ಲಿ ಗಿರಾಕಿ, ಕಿವಿಯಲ್ಲಿ ಬಿಡದೇ ಮಾತು. ಪ್ರಶ್ನೆ ಹುಟ್ಟುವುದಕ್ಕೆ ಬೇಕಾದ ಅರ್ಧ ನಿಮಿಷವನ್ನೇ ಅವನು ಕೊಡಲಿಲ್ಲ.

ಮೂರು ಪಾವತಿ

"ಈಗ ಮತ್ತೆ ಸ್ಕ್ಯಾನ್ ಮಾಡಿ, 9,400 ಅಂತ ಹಾಕಿ, ಪಿನ್ ಒತ್ತಿ" ಅಂದ. ಅಕ್ಕಾವ್ರು ತಡೆದರು. "ಪಿನ್ ಹಾಕಿದ್ರ ನಮ್ಮ ರೊಕ್ಕನ ಹೋಗ್ತಾವಲ್ರೀ ಸಾಹೇಬ್ರ?" ಅಂತ ಕೇಳಿದರು. ಅವನು ನಕ್ಕ. ಈಗ ತಾನೇ ಪಿನ್ ಹಾಕಿದಿರಲ್ಲ, ಹೋಯಿತಾ ಬಂತಾ ಅಂತ ತಿರುಗಿ ಕೇಳಿದ. ಬಂದಿತ್ತು. ಬಾಕ್ಸ್ ಹೇಳಿತ್ತು. ಅಕ್ಕಾವ್ರು ಪಿನ್ ಒತ್ತಿದರು. ₹9,400 ಹೋಯಿತು.

ಬಾಕ್ಸ್ ಸುಮ್ಮನಿತ್ತು. ಅಕ್ಕಾವ್ರು ಗಾಬರಿಯಾದರು. ಅವನ ಧ್ವನಿ ಬದಲಾಯಿತು. ಸಿಸ್ಟಮ್‌ನಲ್ಲಿ ಸಿಕ್ಕಿಹಾಕಿಕೊಂಡಿದೆ, ಫೋನ್ ಕಟ್ ಮಾಡಿದರೆ ಲಾಕ್ ಆಗುತ್ತದೆ, ಅದೇ ಮೊತ್ತ ಇನ್ನೊಮ್ಮೆ ಹಾಕಿದರೆ ಎರಡೂ ಒಟ್ಟಿಗೆ ವಾಪಸ್ ಬರುತ್ತವೆ ಅಂದ. ಮತ್ತೆ ₹9,400 ಹೋಯಿತು. ಆಮೇಲೆ ಇನ್ನೊಬ್ಬನ ಧ್ವನಿ ಬಂತು. ತಾನು ಲೆಕ್ಕಪತ್ರ ವಿಭಾಗದ ದೊಡ್ಡ ಅಧಿಕಾರಿ ಅಂದ. ಸ್ವಲ್ಪ ಗದರಿಸಿದ. ರೀಫಂಡ್ ಆಗಬೇಕಾದರೆ ಒಟ್ಟು ಮೊತ್ತ ₹18,800 ಒಮ್ಮೆ ಹಾಕಬೇಕು ಅಂದ. ಅದೂ ಹೋಯಿತು. ಇಪ್ಪತ್ತೈದು ನಿಮಿಷದಲ್ಲಿ ₹37,600.

ಈ ಕಥೆ ಕೇಳಿದವರಲ್ಲಿ ಕೆಲವರು ಆಸೆಗೆ ಬಿದ್ದರು ಅಂದುಬಿಡುತ್ತಾರೆ. ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಅಕ್ಕಾವ್ರು ಕೇಳಿದ್ದು ತಮ್ಮ ರೊಟ್ಟಿಯ ಬೆಲೆಯನ್ನು ಮಾತ್ರ. ಎರಡನೇ ಪಾವತಿಯಿಂದ ಮುಂದೆ ಅವರು ಓಡುತ್ತಿದ್ದುದು ಹೋದ ತಮ್ಮದೇ ಹಣದ ಹಿಂದೆ. ಮೊದಲ ಸಲ ಹೋದದ್ದಕ್ಕಿಂತ ಆಮೇಲೆ ದೊಡ್ಡ ಮೊತ್ತ ಹೋಗುವುದು ಇದಕ್ಕೇ. ಕಳೆದುಕೊಂಡಿದ್ದನ್ನು ಉಳಿಸಿಕೊಳ್ಳುವ ಆತುರ ಯಾವ ಆಸೆಗಿಂತಲೂ ಜೋರು.

ಸ್ಕ್ಯಾನ್ ಮಾಡಿದಾಗ ಪರದೆ ಮೇಲೆ ಯಾರ ಹೆಸರು ಬಂತು ಅಂತ ಆಮೇಲೆ ಕೇಳಿದೆ. ಯಾವುದೋ ಖಾಸಗಿ ವ್ಯಕ್ತಿಯ ಹೆಸರಿತ್ತು. ಸುಬೇದಾರ್ ಅಂತ ಹೇಳಿಕೊಂಡವನ ಹೆಸರಲ್ಲ, ಸೇನೆಯ ಹೆಸರೂ ಅಲ್ಲ. ಅಕ್ಕಾವ್ರು ಅದನ್ನು ನೋಡಿ ಕೇಳಿಯೂ ಇದ್ದರು. ನಮ್ಮ ಕ್ಲರ್ಕ್ ಖಾತೆ ಅಂತ ಉತ್ತರ ಬಂದಿತ್ತು. ಅಂದರೆ ಮೂರು ಸಲ ಅವರಿಗೆ ಸರಿಯಾದ ಅನುಮಾನವೇ ಬಂದಿತ್ತು: ಪಿನ್ ಬಗ್ಗೆ, ಬಾಕ್ಸ್ ಸುಮ್ಮನಿದ್ದ ಬಗ್ಗೆ, ಹೆಸರಿನ ಬಗ್ಗೆ. ಮೂರೂ ಸಲ ಅನುಮಾನಕ್ಕೆ ಉತ್ತರ ಕೊಟ್ಟಿದ್ದು ಅನುಮಾನ ಯಾರ ಮೇಲೋ ಅವನೇ.

ಮಗಳು ಒಳಗೆ ಬಂದಳು

ನಾಲ್ಕನೇ ಸಲಕ್ಕೆ ಅವನು ದಾರಿ ಬದಲಿಸಿದ. ಈಗ ನಾವೇ ಕಳಿಸ್ತೀವಿ, ನೀವು ಒಪ್ಪಿಗೆ ಕೊಡಿ ಸಾಕು ಅಂದ. ಅಕ್ಕಾವ್ರ ಆಪ್‌ಗೆ ಒಂದು ಕಲೆಕ್ಟ್ ರಿಕ್ವೆಸ್ಟ್ ಬಂತು, ಅಂದರೆ ಹಣ ಕೇಳುವ ಕೋರಿಕೆ. ಮೊತ್ತ ₹2,000. ಕೆಳಗೆ ಇಂಗ್ಲಿಷಿನಲ್ಲಿ ರೀಫಂಡ್, ಅಪ್ರೂವ್ ಅಂತ ಟಿಪ್ಪಣಿ. ಅಷ್ಟರಲ್ಲಿ ಮಗಳು ತನ್ನ ಫೋನ್ ಹುಡುಕಿಕೊಂಡು ಒಳಗೆ ಬಂದಳು. ತಾಯಿಯ ಮುಖ ನೋಡಿದಳು, ಪರದೆ ನೋಡಿದಳು.

"ಅವ್ವಾ, ಇದು ಬರೂ ರೊಕ್ಕ ಅಲ್ಲ, ಹೋಗೂ ರೊಕ್ಕ. ಇಲ್ಲಿ ಪೇ ಅಂತ ಐತಿ ನೋಡು."

ಫೋನ್ ಕಸಿದುಕೊಂಡು ಕರೆ ಕಟ್ ಮಾಡಿದಳು, ಕೋರಿಕೆಯನ್ನು ನಿರಾಕರಿಸಿದಳು. ಟಿಪ್ಪಣಿಯ ಜಾಗದಲ್ಲಿ ಏನು ಬೇಕಾದರೂ ಬರೆಯಬಹುದು, ಬರೆಯುವವನು ಹಣ ಕೇಳುವವನೇ. ಆಪ್ ತಾನಾಗಿ ಹೇಳುವ ಮಾತು ಗುಂಡಿಯ ಮೇಲಿತ್ತು. ಆಪ್ ಇಂಗ್ಲಿಷಿನಲ್ಲಿದ್ದದ್ದರಿಂದ ಅಕ್ಕಾವ್ರಿಗೆ ಟಿಪ್ಪಣಿಯೂ ಗುಂಡಿಯೂ ಒಂದೇ ಥರ ಕಂಡಿದ್ದವು.

ಆಮೇಲಿನ ಒಂದು ಗಂಟೆ

ಕರೆ ಕಟ್ ಆಗುವಾಗ ಗಂಟೆ 11.40 ಇರಬೇಕು. ಇಲ್ಲಿಂದ ಮುಂದೆ ಮನೆಯವರು ತೆಗೆದುಕೊಂಡ ತೀರ್ಮಾನಗಳಲ್ಲಿ ಒಂದು ಇನ್ನೊಂದು ಅನಾಹುತಕ್ಕೆ ದಾರಿ ಮಾಡುತ್ತಿತ್ತು.

ಮಗಳು ಮೊದಲು ಮಾಡಿದ್ದು ಆಪ್‌ನ ಗ್ರಾಹಕ ಸೇವೆಯ ನಂಬರನ್ನು ಇಂಟರ್ನೆಟ್‌ನಲ್ಲಿ ಹುಡುಕಿದ್ದು. ಒಂದು ಮೊಬೈಲ್ ನಂಬರ್ ಸಿಕ್ಕಿತು. ಫೋನ್ ಎತ್ತಿದವನು ತುಂಬಾ ಸಮಾಧಾನದಿಂದ ಮಾತಾಡಿದ. ಎಷ್ಟು ಹೋಯಿತು, ಯಾವ ಬ್ಯಾಂಕು, ಈಗ ಖಾತೆಯಲ್ಲಿ ಎಷ್ಟು ಉಳಿದಿದೆ ಅಂತ ಕೇಳಿದ. ಉಳಿದಿದ್ದು ₹23,400. ಹಣ ವಾಪಸ್ ಕೊಡಿಸ್ತೀನಿ, ಅದಕ್ಕೊಂದು ಆಪ್ ಹಾಕಿಕೊಳ್ಳಿ ಅಂತ ಲಿಂಕ್ ಕಳಿಸಿದ. ಅದು ನಮ್ಮ ಪರದೆಯನ್ನು ಇನ್ನೊಬ್ಬರಿಗೆ ತೋರಿಸುವ ಆಪ್. ಅದನ್ನು ಹಾಕಿಕೊಂಡು ಪಿನ್ ಒತ್ತಿದರೆ ಒತ್ತಿದ್ದೆಲ್ಲ ಅವನಿಗೆ ಕಾಣುವ ಅಪಾಯ ಇರುತ್ತದೆ. ಇಂಥ ಆಪ್‌ಗಳ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು.

ಉಳಿಸಿದ್ದು ಪಕ್ಕದ ಮನೆಯ ಕಾಕಾ. ಅವರು ಬ್ಯಾಂಕಿನಿಂದ ನಿವೃತ್ತರಾದವರು. ಗಲಾಟೆ ಕೇಳಿ ಬಂದರು. "ಉಳಿದಿದ್ದು ಎಷ್ಟು ಅಂತ ಯಾಕ ಕೇಳ್ತಾನವಾ ಅಂವ? ಮೊದಲ ಫೋನ್ ಇಡು" ಅಂದರು. ಹೋದ ಹಣದ ದೂರು ತೆಗೆದುಕೊಳ್ಳುವವನಿಗೆ ಉಳಿದ ಹಣದ ಲೆಕ್ಕ ಯಾತಕ್ಕೆ? ಇಷ್ಟು ಸರಿಯಾದ ಪ್ರಶ್ನೆ ಆ ಇಡೀ ಬೆಳಗ್ಗೆ ಯಾರೂ ಕೇಳಿರಲಿಲ್ಲ.

ಕಾಕಾ ಹೇಳಿದ ಮೇಲೆ 1930ಕ್ಕೆ ಫೋನ್ ಮಾಡಿದರು. ಆಗ 12.20. ಅದು ಸೈಬರ್ ಹಣಕಾಸು ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಮೊದಲು ಲೈನ್ ಸಿಗಲಿಲ್ಲ. ಬಿಡದೇ ಮಾಡಿದ ಮೇಲೆ ಸಿಕ್ಕಿತು. ಅವರು ಕೇಳಿದ್ದು ಹೆಸರು, ಫೋನ್ ನಂಬರು, ಬ್ಯಾಂಕು, ಖಾತೆ ನಂಬರು, ಪ್ರತಿ ಪಾವತಿಯ ಸಮಯ, ಮೊತ್ತ, 12 ಅಂಕಿಯ ಯುಪಿಐ ವ್ಯವಹಾರ ಸಂಖ್ಯೆ. ಪಿನ್ ಕೇಳಲಿಲ್ಲ, ಆಪ್ ಹಾಕಿ ಅನ್ನಲಿಲ್ಲ. ಮಗಳು ಆಪ್‌ನ ಹಿಸ್ಟರಿ ತೆಗೆದು ಒಂದೊಂದೇ ಓದಿದಳು. ದೂರಿನ ನಂಬರು ಎಸ್ಸೆಮ್ಮೆಸ್‌ನಲ್ಲಿ ಬಂತು. ಅದೇ ಸಂಜೆ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಪೂರ್ತಿ ದೂರು ತುಂಬಿದರು.

ಈ ಫೋನ್ ಯಾಕೆ ಬೇಗ ಮಾಡಬೇಕು ಅಂತ ತಿಳಿದಿರಬೇಕು. ದೂರು ದಾಖಲಾದ ಕೂಡಲೇ ಅದು ನಮ್ಮ ಬ್ಯಾಂಕಿಗೂ ಹಣ ಹೋಗಿ ಸೇರಿದ ಬ್ಯಾಂಕಿಗೂ ಮುಟ್ಟುತ್ತದೆ. ಹಣ ಇನ್ನೂ ಅಲ್ಲೇ ಇದ್ದರೆ ತಡೆಹಿಡಿಯುತ್ತಾರೆ. ಮುಂದಿನ ಖಾತೆಗೆ ದಾಟಿದ್ದರೆ ಆ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಎಟಿಎಂನಿಂದ ನಗದಾಗಿ ಹೊರಗೆ ಬಂತು ಅಂದರೆ ಆ ಸರಪಳಿ ಕಡಿಯಿತು ಅಂತ ಲೆಕ್ಕ. ಮೋಸಗಾರರು ಬಳಸುವುದು ಬಾಡಿಗೆ ಖಾತೆಗಳನ್ನು. ಯಾರೋ ಬಡವರ, ವಿದ್ಯಾರ್ಥಿಗಳ ಹೆಸರಿನಲ್ಲಿ ತೆರೆದು, ಚೂರುಪಾರು ದುಡ್ಡು ಕೊಟ್ಟು ತೆಗೆದುಕೊಂಡ ಖಾತೆಗಳು ಅವು.

ಬ್ಯಾಂಕು, ಪೊಲೀಸು, ಕೋರ್ಟು

ಮರುದಿನ ಎರಡನೇ ಶನಿವಾರ, ಅದರ ಮರುದಿನ ಭಾನುವಾರ. ಎರಡು ದಿನ ಬ್ಯಾಂಕಿಗೆ ರಜೆ. ಶುಕ್ರವಾರ ಮಧ್ಯಾಹ್ನವೇ ಹೋಗಬೇಕು ಅಂತ ಕಾಕಾ ಹಟ ಹಿಡಿದರು. ಅಕ್ಕಾವ್ರಿಗೆ ಮನಸ್ಸಿರಲಿಲ್ಲ. ನಾಚಿಕೆ ಒಂದು ಕಡೆ, ಒಲೆ ಆರಿಸಿ ಹೋಗಬೇಕಲ್ಲ ಅನ್ನುವ ಚಿಂತೆ ಇನ್ನೊಂದು ಕಡೆ. ಕೊನೆಗೆ ಹೋದರು. ಲಿಖಿತ ದೂರು ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡರು. ಖಾತೆಯಿಂದ ಯುಪಿಐ ತಾತ್ಕಾಲಿಕವಾಗಿ ನಿಲ್ಲಿಸಿದರು. ಅಲ್ಲಿಂದ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ಹೋದರು. ಎಫ್‌ಐಆರ್ ಆಯಿತು. ಬೇರೆಯವರ ಸೋಗು ಹಾಕಿ ಮೋಸ ಮಾಡಿದ್ದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ, ಭಾರತೀಯ ನ್ಯಾಯ ಸಂಹಿತೆಯ ವಂಚನೆಯ ಕಲಂ ಹಾಕಿದರು. ಮೋಸಗಾರನ ಚಾಟ್ ಅಳಿಸಿಬಿಡಬೇಕು ಅಂತ ಅಕ್ಕಾವ್ರಿಗೆ ಅನ್ನಿಸಿತ್ತು. ಮಗಳು ಬಿಡಲಿಲ್ಲ. ಆ ಚಾಟ್, ಆ ಗುರುತಿನ ಚೀಟಿಯ ಫೋಟೋ, ಆ ಕ್ಯೂಆರ್ ಕೋಡ್ ಎಲ್ಲವೂ ದೂರಿಗೆ ಬೇಕಾದವು.

ಕೆಲವು ದಿನಗಳಲ್ಲಿ ಚಿತ್ರ ಸ್ಪಷ್ಟವಾಯಿತು. ಮೊದಲ ಎರಡು ಪಾವತಿಗಳ ₹18,800 ಎಟಿಎಂನಿಂದ ಹೊರಗೆ ಹೋಗಿತ್ತು. ಮೂರನೆಯ ₹18,800 ಇನ್ನೊಂದು ಖಾತೆಗೆ ದಾಟಿ ಅಲ್ಲಿ ತಡೆಯಲ್ಪಟ್ಟಿತ್ತು. ನಕಲಿ ಗ್ರಾಹಕ ಸೇವೆಯವನ ಜೊತೆ ಇನ್ನರ್ಧ ಗಂಟೆ ಕಳೆದಿದ್ದರೆ ಅದೂ ಸಿಗುತ್ತಿರಲಿಲ್ಲ ಅಂತ ನನ್ನ ಅಂದಾಜು.

ತಡೆಹಿಡಿದ ಹಣ ತಾನಾಗಿ ವಾಪಸ್ ಬರಲಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಪೊಲೀಸರ ವರದಿ, ಬ್ಯಾಂಕ್ ಸ್ಟೇಟ್‌ಮೆಂಟ್, ಗುರುತಿನ ದಾಖಲೆ, ಮುಚ್ಚಳಿಕೆ ಎಲ್ಲ ಆಗಿ, ಆದೇಶ ಬ್ಯಾಂಕಿಗೆ ಮುಟ್ಟಿ ಹಣ ಬರುವಷ್ಟರಲ್ಲಿ ಮಳೆಗಾಲ ಶುರುವಾಗಿತ್ತು. ಅಷ್ಟು ದಿನ ಸಂಘದ ಕಂತಿಗೆ ಅಕ್ಕಾವ್ರು ಬೇರೆ ಕಡೆ ಕೈಗಡ ಮಾಡಿದ್ದರು.

ಉಳಿದ ಅರ್ಧಕ್ಕೆ ಬ್ಯಾಂಕಿನಿಂದ ಪರಿಹಾರ ಕೇಳಿದೆವು. ಇಲ್ಲ ಅಂದರು. ಆಗ ಜಾರಿಯಲ್ಲಿದ್ದ ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಗ್ರಾಹಕರಿಗೆ ಒಳ್ಳೆಯ ರಕ್ಷಣೆ ಕೊಡುತ್ತಿತ್ತು. ನಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೇ ಹೊರಗಿನವರು ಖಾತೆಗೆ ಕೈಹಾಕಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಮ್ಮ ಮೇಲೆ ಬೀಳುತ್ತಿರಲಿಲ್ಲ. ಆದರೆ ಆ ಸುತ್ತೋಲೆ ಇದ್ದದ್ದು ನಮಗೆ ತಿಳಿಯದೇ ಆದ ವ್ಯವಹಾರಕ್ಕೆ. ಇಲ್ಲಿ ಪಿನ್ ಒತ್ತಿದ್ದು ಖಾತೆದಾರರೇ. ಬ್ಯಾಂಕಿನ ಉತ್ತರ ಒಪ್ಪಿಗೆ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರ (ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ಕೇಳುವ ಅಧಿಕಾರಿ, ಓಂಬುಡ್ಸ್‌ಮನ್) ಹತ್ತಿರ ಹೋಗಬಹುದು, ಅದಕ್ಕೆ ಶುಲ್ಕ ಇಲ್ಲ. ಹೋಗೋಣವಾ ಅಂತ ಚರ್ಚೆ ಮಾಡಿದೆವು. ಬ್ಯಾಂಕು ದೂರನ್ನು ಅವತ್ತೇ ತೆಗೆದುಕೊಂಡಿತ್ತು, ಮಾಡಬೇಕಾದ್ದನ್ನು ಮಾಡಿತ್ತು. ಸೇವೆಯಲ್ಲಿ ಕೊರತೆ ಅಂತ ತೋರಿಸಲು ಏನೂ ಇರಲಿಲ್ಲ. ಬಿಟ್ಟೆವು.

ಆರ್ಡರಿಗೆ ಅಂತ ತಂದ ಶೇಂಗಾ, ಬೆಲ್ಲ, ಹಿಟ್ಟು ವ್ಯರ್ಥ ಆಗಲಿಲ್ಲ. ಭೋಗಿ ವಾರದಲ್ಲಿ ಅದೆಲ್ಲ ಖರ್ಚಾಯಿತು. ಕಟಕ್ ರೊಟ್ಟಿ ಬೇಗ ಕೆಡುವುದೂ ಇಲ್ಲ.

ಸಂಘದಲ್ಲಿ ತಿಳಿದದ್ದು

ಮುಂದಿನ ವಾರದ ಸಭೆಯಲ್ಲಿ ವಿಷಯ ಹೇಳಬೇಕಾ ಬೇಡವಾ ಅಂತ ಅಕ್ಕಾವ್ರು ಒದ್ದಾಡಿದರು. ಕಂತು ತಡವಾಗುತ್ತದೆ ಅಂತ ಹೇಗೂ ಹೇಳಲೇಬೇಕಿತ್ತು. ಹೇಳಿದರು. ಮಾತು ಮುಗಿದ ಮೇಲೆ ಹಪ್ಪಳ ಮಾಡುವ ಒಬ್ಬ ಸದಸ್ಯೆ ಅಳಲು ಶುರು ಮಾಡಿದರು. ದೀಪಾವಳಿ ಸಮಯದಲ್ಲಿ ಅವರಿಗೂ ಮಿಲಿಟರಿ ಹೆಸರಿನ ಫೋನ್ ಬಂದಿತ್ತು. ಅದೇ ಒಂದು ರೂಪಾಯಿ, ಅದೇ ಕೋಡ್. ₹6,000 ಹೋಗಿತ್ತು. ಮನೆಯಲ್ಲಿ ಬೈಯುತ್ತಾರೆ ಅಂತ ಯಾರಿಗೂ ಹೇಳಿರಲಿಲ್ಲ. ದೂರನ್ನೂ ಕೊಟ್ಟಿರಲಿಲ್ಲ.

ಅವರನ್ನು ಯಾರೂ ದೂರಲಿಲ್ಲ, ದೂರಲೂಬಾರದು. ಆದರೆ ಆ ಕಥೆ ದೀಪಾವಳಿಯಲ್ಲೇ ಸಂಘದಲ್ಲಿ ಹೇಳಲ್ಪಟ್ಟಿದ್ದರೆ ಜನವರಿಯಲ್ಲಿ ಅಕ್ಕಾವ್ರು ಮೊದಲ ಮಾತಿಗೇ ಗುರುತು ಹಿಡಿಯುತ್ತಿದ್ದರು. ಮೋಸ ಹೋದವರನ್ನು ಬೈಯುವ ಮನೆಗಳು ಮೋಸಗಾರನ ಕೆಲಸ ಸುಲಭ ಮಾಡುತ್ತವೆ. ಈ ಮಾತನ್ನು ಈಗ ನಾನು ಪ್ರತಿ ತರಗತಿಯಲ್ಲೂ ಗಂಡಸರನ್ನೂ ಕೂರಿಸಿಕೊಂಡು ಹೇಳುತ್ತೇನೆ.

ಈ ಪ್ರಕರಣದಿಂದ ಬದಲಾದದ್ದು

ಪಿನ್ ಯಾರಿಗೂ ಹೇಳಬೇಡಿ, ಓಟಿಪಿ ಯಾರಿಗೂ ಹೇಳಬೇಡಿ ಅನ್ನುವ ಮಾತು ಎಲ್ಲ ಕಡೆ ಕೇಳಿಸುತ್ತದೆ. ಅಕ್ಕಾವ್ರು ಪಿನ್ ಯಾರಿಗೂ ಹೇಳಿರಲಿಲ್ಲ. ತಾವೇ ಒತ್ತಿದರು. ಹಾಗಾಗಿ ಆ ಮಾತು ಅವರನ್ನು ಕಾಯಲಿಲ್ಲ. ಕಲಿಸಬೇಕಾದ ಮಾತು ಬೇರೆ: ಹಣ ಬರುವುದಕ್ಕೆ ನಾವು ಏನೂ ಮಾಡಬೇಕಾಗಿಲ್ಲ. ಸ್ಕ್ಯಾನ್ ಬೇಡ, ಒಪ್ಪಿಗೆ ಬೇಡ, ಪಿನ್ ಬೇಡ. ಕ್ಯೂಆರ್ ಕೋಡ್ ಅಂದರೆ ಮನೆಯ ವಿಳಾಸ ಇದ್ದಂತೆ. ಯಾರ ವಿಳಾಸ ಹಿಡಿದು ಹೊರಡುತ್ತೀರೋ ಹಣ ಅವರ ಮನೆಗೇ ಹೋಗುತ್ತದೆ. ಕೊಡುವವನು ನಮ್ಮ ಕೋಡ್ ಸ್ಕ್ಯಾನ್ ಮಾಡಬೇಕು. ನಮಗೆ ಹಣ ಬರಬೇಕಾದಾಗ ನಾವು ಅವನ ಕೋಡ್ ಸ್ಕ್ಯಾನ್ ಮಾಡುವ ಸಂದರ್ಭ ಅಂತ ಒಂದೂ ಇಲ್ಲ.

ಒಂದು ರೂಪಾಯಿ ಪರೀಕ್ಷೆಯನ್ನು ನಾವು ತರಗತಿಯಲ್ಲಿ ಮಾಡಿಯೇ ತೋರಿಸುತ್ತೇವೆ. ಇಬ್ಬರು ಎದುರುಬದುರು ಕೂತು ಒಂದು ಕಳಿಸಿ ಎರಡು ಪಡೆಯುತ್ತಾರೆ. ಆಮೇಲೆ ಪಡೆದವರನ್ನು ಕೇಳುತ್ತೇವೆ: ಎರಡು ರೂಪಾಯಿ ಬರುವಾಗ ನಿಮ್ಮ ಬೆರಳು ಎಲ್ಲಿತ್ತು? ಯಾವ ಗುಂಡಿಯ ಮೇಲೂ ಇರಲಿಲ್ಲ ಅಂತ ಅವರೇ ಹೇಳುತ್ತಾರೆ. ಭಾಷಣಕ್ಕಿಂತ ಇದು ಜಾಸ್ತಿ ನೆನಪಿರುತ್ತದೆ.

ನನಗೆ ಇನ್ನೂ ಮುಖ್ಯ ಅನ್ನಿಸಿದ್ದು ಫೋನ್ ಕರೆಯ ವಿಷಯ. ಅಕ್ಕಾವ್ರ ಅನುಮಾನಗಳೆಲ್ಲ ಸರಿಯಾಗಿದ್ದವು. ಕರೆ ಕಟ್ ಆಗದೇ ಇದ್ದದ್ದರಿಂದ ಅವು ಒಂದೂ ಬೆಳೆಯಲಿಲ್ಲ. ಈಗ ಅವರ ಮನೆಯಲ್ಲಿ ಒಂದು ಪದ್ಧತಿ ಇದೆ. ಯಾರ ಜೊತೆಗಾದರೂ ಮಾತಾಡುತ್ತಾ ಪಾವತಿ ಆಪ್ ತೆರೆಯುವುದಿಲ್ಲ. ಆಪ್ ತೆರೆಯಬೇಕಾದರೆ ಕರೆ ಕಟ್ ಮಾಡಬೇಕು. ನಿಜವಾದ ಗಿರಾಕಿ ಕಾಯುತ್ತಾನೆ. ಕಟ್ ಮಾಡಬೇಡಿ ಅಂತ ಯಾರಾದರೂ ಅಂದರೆ ಅಲ್ಲಿಗೇ ವ್ಯವಹಾರ ಮುಗಿಯಿತು.

ಖಾತೆ ಬೇರೆ ಮಾಡಿದ್ದಾರೆ. ಕ್ಯೂಆರ್ ಕೋಡಿಗೆ ಜೋಡಿಸಿದ ಖಾತೆಯಲ್ಲಿ ಒಂದೆರಡು ದಿನದ ವ್ಯಾಪಾರದ ಹಣ ಮಾತ್ರ ಇರುತ್ತದೆ. ಉಳಿದದ್ದು ಯುಪಿಐ ಇಲ್ಲದ ಇನ್ನೊಂದು ಖಾತೆಗೆ ಹೋಗುತ್ತದೆ. ಆಪ್ ಭಾಷೆ ಕನ್ನಡಕ್ಕೆ ಬದಲಾಗಿದೆ. ಗುಂಡಿಯ ಮೇಲೆ ಪಾವತಿಸಿ ಅಂತ ಬಂದರೆ ಅದೇನು ಅಂತ ಕೇಳಬೇಕಾಗಿಲ್ಲ. 1930 ಅಂತ ಗೋಡೆಯ ಮೇಲೆ, ಸೌಂಡ್‌ಬಾಕ್ಸ್ ಪಕ್ಕದಲ್ಲೇ ಬರೆದಿದ್ದಾರೆ. ಗಾಬರಿಯಲ್ಲಿ ಇಂಟರ್ನೆಟ್‌ನಲ್ಲಿ ನಂಬರು ಹುಡುಕುವ ಕೆಲಸ ಆಗಲೇಬಾರದು ಅಂತ.

ಇದರ ನಡುವೆ ವ್ಯವಸ್ಥೆಯೂ ಸ್ವಲ್ಪ ಬದಲಾಗಿದೆ. ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಕಳಿಸುವ ಕಲೆಕ್ಟ್ ರಿಕ್ವೆಸ್ಟನ್ನು ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಒಳ್ಳೆಯದೇ ಆಯಿತು. ಆದರೆ ವ್ಯಾಪಾರಿ ಖಾತೆಯಿಂದ ಬರುವ ಕೋರಿಕೆ ಆಗ ನಿಲ್ಲಲಿಲ್ಲ, ಕ್ಯೂಆರ್ ಕೋಡ್ ಅಂತೂ ಇದ್ದೇ ಇದೆ. ಅಕ್ಕಾವ್ರ ₹37,600 ಪೂರ್ತಿ ಹೋಗಿದ್ದು ಕೋಡ್ ಸ್ಕ್ಯಾನ್ ಮಾಡಿದ್ದರಿಂದ. ಹಾಗಾಗಿ ಆ ಬಾಗಿಲು ಮುಚ್ಚಿತು ಅಂತ ನಿಶ್ಚಿಂತೆಯಿಂದ ಇರುವ ಹಾಗಿಲ್ಲ.

ಇದೇ ಕಥೆ ಬೇರೆ ವೇಷದಲ್ಲೂ ಬರುತ್ತದೆ. ನಮ್ಮ ಸಂಘಗಳಲ್ಲಿ ಈಚೆಗೆ ಜಾಸ್ತಿ ಕೇಳಿಬರುತ್ತಿರುವುದು ತಪ್ಪಿ ಹಣ ಬಂತು ಅನ್ನುವ ಫೋನ್. ಮೊದಲು ₹5,000 ಜಮಾ ಆಯಿತು ಅಂತ ಒಂದು ಎಸ್ಸೆಮ್ಮೆಸ್. ಆಮೇಲೆ, ಆಸ್ಪತ್ರೆಗೆ ಕಟ್ಟಬೇಕಾದ ಹಣ ತಪ್ಪಿ ನಿಮಗೆ ಹಾಕಿದೆ, ದಯವಿಟ್ಟು ವಾಪಸ್ ಹಾಕಿ ಅಂತ ಅಳುವ ಧ್ವನಿ. ಆ ಎಸ್ಸೆಮ್ಮೆಸ್ ಬಂದಿರುವುದು ಹತ್ತು ಅಂಕಿಯ ಸಾಮಾನ್ಯ ಮೊಬೈಲ್ ನಂಬರಿನಿಂದ. ಬ್ಯಾಂಕಿನ ಎಸ್ಸೆಮ್ಮೆಸ್ ಹಾಗೆ ಬರುವುದಿಲ್ಲ, ಅಕ್ಷರಗಳ ಹೆಸರಿನಿಂದ ಬರುತ್ತದೆ. ಎಸ್ಸೆಮ್ಮೆಸ್ ಬಿಟ್ಟು ಖಾತೆಯ ಬ್ಯಾಲೆನ್ಸನ್ನೇ ನೋಡಿದರೆ ನಿಜ ಗೊತ್ತಾಗುತ್ತದೆ. ನಿಜವಾಗಿಯೂ ಹಣ ಬಂದಿದ್ದರೂ ನಾವಾಗಿ ತಿರುಗಿ ಹಾಕುವುದು ಬೇಡ. ನಿಮ್ಮ ಬ್ಯಾಂಕಿಗೆ ದೂರು ಕೊಡಿ, ನಾನೂ ನನ್ನ ಬ್ಯಾಂಕಿಗೆ ತಿಳಿಸುತ್ತೇನೆ ಅಂತ ಹೇಳಿ ಫೋನ್ ಇಡಬೇಕು.

ದೊಡ್ಡ ಆರ್ಡರುಗಳ ವಿಷಯದಲ್ಲಿ ಅಕ್ಕಾವ್ರಿಗೆ ಒಂದು ಹೆದರಿಕೆ ಇತ್ತು. ಇಷ್ಟೆಲ್ಲ ಕಟ್ಟುನಿಟ್ಟು ಮಾಡಿದರೆ ಕ್ಯಾಂಪಿನ ನಿಜವಾದ ಗಿರಾಕಿಗಳು ಬೇಜಾರು ಮಾಡಿಕೊಂಡು ಬಿಟ್ಟುಹೋಗುತ್ತಾರೇನೋ ಅಂತ. ದಸರಾ ಹೊತ್ತಿಗೆ ಅಲ್ಲಿಂದ ಒಂದು ದೊಡ್ಡ ಆರ್ಡರ್ ಬಂತು. ಮುಂಗಡ ಅಂಗಡಿಗೇ ಬಂದು ಕೊಡಿ, ಇಲ್ಲಾ ಇಲ್ಲಿರುವ ಕೋಡಿಗೆ ಹಾಕಿ, ಬಾಕ್ಸ್ ಹೇಳಿದ ಮೇಲೆ ಹಿಟ್ಟು ಕಲಸ್ತೀನಿ ಅಂದರು. ಆರ್ಡರ್ ಕೊಟ್ಟವರು ಆಯ್ತು ಅಂದು, ಅವತ್ತೇ ಸಂಜೆ ಸೈಕಲ್ ಮೇಲೆ ಬಂದು ಅರ್ಧ ಹಣ ನಗದು ಕೊಟ್ಟು ಹೋದರು.